ಮಾವನವರ ಡಬ್ಬಿಗಳು

ನಮ್ಮ ಮಾವನವರಿಗೆ ಖಾಲಿ ಡಬ್ಬಿ ಎಸೆಯೋದು ಅಂದರೆ ಪ್ರಾಣಸಂಕಟ. ಬಿಸ್ಕತ್ತಿನ ಡಬ್ಬೀಲಿ ಸೂಜಿದಾರ, ಕೆಮ್ಮಿನ ಮಾತ್ರೆ ಡಬ್ಬೀಲಿ ಅಂಗಿ ಗುಂಡಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅವರ ಕೈಬರಹದಲ್ಲಿ ಸಕ್ಕರೆ ಅಂತ ಇದ್ದ ಡಬ್ಬಿ ನಂಬಿ ಚಹಾಕ್ಕೆ ಉಪ್ಪು ಸುರಿದವಳು. ಮಹಾನುಭಾವರು ಅದನ್ನು ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, ಪರವಾಗಿಲ್ಲ ಕಣಮ್ಮ ಅಂದಿದ್ದರು.

ಅವರು ತೀರಿಕೊಂಡ ಮೇಲೆ ನನ್ನ ಗಂಡ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಣ್ಣಲ್ಲಿ ಒಂದು ಹನಿ ನೀರೂ ಇಲ್ಲ. ಊಟದ ನಡುವೆ ಎದ್ದು ಹಿತ್ತಲ ಕೋಣೆಗೆ ಹೋಗೋದು, ಅಪ್ಪನ ಸಾಮಾನು ಹರಡಿಕೊಳ್ಳೋದು. ಕೋವಿ ರಿಪೇರಿ ಅಪ್ಪ ಮಗ ಇಬ್ಬರ ಕಸುಬೂ. ಹಿತ್ತಾಳೆ ತಳದ ಹಳೇ ಕಾಗದದ ತೋಟಾಗಳು, ಒಳಗೆ ಒತ್ತೋ ಉಣ್ಣೆ ಬಿಲ್ಲೆಗಳು, ಕಿಡಿ ಹತ್ತಿಸೋ ತಾಮ್ರದ ಕ್ಯಾಪುಗಳು. ಒಂದೊಂದನ್ನೂ ಬೆಳಕಿಗೆ ಹಿಡಿದು ಯಾವ ಕಾಲದ್ದು ಅಂತ ನೋಡೋದು, ಅಂಚು ಬಿರುಕು ಬಿಟ್ಟಿದೆಯಾ ಅಂತ ಉಗುರಲ್ಲಿ ಕೆರೆಯೋದು. ಆ ತೋಟಾಗಳಿಗೆ ಮತ್ತೆ ಮದ್ದು ತುಂಬಿ, ಅಪ್ಪನ ಜೋಡುನಳಿಗೆ ಕೋವಿಯಿಂದ ಒಂದೇ ಒಂದು ಸಲ ಹೊಡೀಬೇಕಂತೆ. ಆ ದಪ್ಪ ಸದ್ದು ಕೇಳೋವರೆಗೂ ನಿದ್ದೆ ಬರಲ್ಲವಂತೆ. ಹುಚ್ಚು ಬಿಡಿ ಅಂತ ಬೈದೆ. ಗೋಡೆಗೆ ಹೇಳಿದ ಹಾಗಾಯ್ತು.

ಒಂದು ಬೆಳಗ್ಗೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಕರಿಮದ್ದು ಅಂತ ಅಪ್ಪ ಬರೆದಿಟ್ಟ ಡಬ್ಬಿ ಸಿಕ್ಕಿತು, ಅಪ್ಪನ ಅಳತೆ ಚಮಚದಲ್ಲೇ ತೋಟಾಕ್ಕೆ ತುಂಬಿದೆ ಅಂದರು. ಆ ಕೋವಿ ಮಾಡಿದ್ದೇ ಕರಿಮದ್ದಿಗೆ. ಈಗಿನ ಹೊಗೆಯಿಲ್ಲದ ಮದ್ದನ್ನು ಅದೇ ಅಳತೇಲಿ ಹಾಕಿದರೆ ನಳಿಗೆ ಸೀಳಿ ಕೈ ಹಾರಿಹೋಗುತ್ತೆ ಅಂತ ಗಿರಾಕಿಗಳಿಗೆ ಗಂಟಲು ಹರಿದುಕೊಂಡು ಹೇಳುತ್ತಿದ್ದವರೂ ಇವರೇ. ಕೋವಿ ಹಿಡಿದು ಹಿತ್ತಲಿಗೆ ನಡೆದರು. ನಾನು ಸಿಡಿಮಿಡಿ ಅಂತ ಚಹಾಕ್ಕೆ ನೀರಿಟ್ಟು, ಸಕ್ಕರೆ ಇರುತ್ತಿದ್ದ, ಆದರೆ ಮೇಲೆ ಮೆಣಸಿನಪುಡಿ ಅಂತ ಮಾವ ಬರೆದಿದ್ದ ಡಬ್ಬಿಗೆ ಕೈ ಹಾಕಿದೆ.

ಕೈ ಅಲ್ಲೇ ನಿಂತಿತು.

ಬರಿಗಾಲಲ್ಲಿ ಓಡಿದೆ. ಕೋವಿ ಆಗಲೇ ಹೆಗಲಿಗೇರಿತ್ತು. ತೋಳು ಹಿಡಿದು ಜಗ್ಗಿದೆ.

"ಈ ಮನೇಲಿ ಯಾವ ಡಬ್ಬಿ ಒಳಗೆ ಅದರ ಮೇಲೆ ಬರೆದಿದ್ದು ಇತ್ತು, ಹೇಳಿ ನೋಡೋಣ?"

ಮೊದಲು ಕೆಂಡ ಕಾರಿದರು. ಅಪ್ಪನ ಡಬ್ಬೀನ ಪರೀಕ್ಷೆ ಮಾಡೋದೇ ಅಂತ. ಆಮೇಲೆ ಏನು ಹೊಳೆಯಿತೋ, ತೋಟಾ ಹೊರತೆಗೆದು ಚಾಕುವಿಂದ ಹುಷಾರಾಗಿ ಬಾಯಿ ಬಿಡಿಸಿ, ಮದ್ದನ್ನು ಅಂಗೈ ಮೇಲೆ ಸುರಿದುಕೊಂಡರು. ಕರಿಮದ್ದಾದರೆ ಒರಟು ಹರಳು. ಇದು ಚಪ್ಪಟೆ, ನುಣುಪು, ಬಿಸಿಲಿಗೆ ಹೊಳೆಯುತ್ತಿತ್ತು. ಹೊಗೆಯಿಲ್ಲದ್ದು.

"ಅಪ್ಪ ನನ್ನನ್ನ ಕೊಂದೇಬಿಡ್ತಿದ್ದರು ಕಣೇ."

"ಇಲ್ಲ. ಯಾವ ಡಬ್ಬೀಲಿ ಏನಿದೆ ಅಂತ ಅವರಿಗೆ ಗೊತ್ತಿತ್ತು. ಇನ್ನು ಕೇಳೋಣ ಅಂದರೆ ಅವರಿಲ್ಲ."

ಅವರು ಕೋವಿ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತು, ಮಗು ಅಳೋ ಹಾಗೆ ಅತ್ತರು. ಒಳಗೆ ಚಹಾದ ನೀರು ಬತ್ತಿಹೋಗುತ್ತಿತ್ತು. ಹೋಗಲಿ ಅಂತ ನಾನೂ ಪಕ್ಕದಲ್ಲೇ ಕೂತೆ.