ಎಡಗಣ್ಣಿನ ಕೆಳಗಿನ ಗುರುತು

ಮಧ್ಯಾಹ್ನ ಒಂದು ಗಂಟೆಗೆ ಮನಾಮದಿಂದ ಬಂದ ಲಕೋಟೆಯನ್ನು ಬ್ಯಾಪ್ಟಿಸ್ಟರು ಊಟ ಮುಗಿಸಿಯೇ ಬಿಚ್ಚಿದರು. ಮೊದಲೇ ಬಿಚ್ಚಿದ್ದರೆ ಆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಳಗೆ ಅರವತ್ತೆರಡು ಕಾರ್ಡುಗಳಿದ್ದವು. ಒಂದೊಂದು ಫ್ರೇಮಿನ ಕೆಳಗೆ ಅಂಟಿಸಬೇಕಾದ ವಿವರಗಳು. ನಾಡಿದ್ದು ಬಹರೈನಿನ ರಾಜಧಾನಿ ಮನಾಮದ ಒಂದು ಹಾಲ್‌ನಲ್ಲಿ ಅಮೆರಿಕದ ಮನೆಗಳ ಹಳೆಯ ಫೋಟೊಗಳ ಪ್ರದರ್ಶನ ಶುರುವಾಗಲಿತ್ತು. ದೊಡ್ಡ ಹೆಸರಿನ ಛಾಯಾಗ್ರಾಹಕರು ಯಾರೂ ಇಲ್ಲ. ಬಹರೈನಿನಲ್ಲಿ ನೆಲೆಸಿದ ಅಮೆರಿಕದವರು ತಂತಮ್ಮ ಮನೆಯ ಆಲ್ಬಂಗಳಿಂದ ಕಿತ್ತುಕೊಟ್ಟವು. ಅವನ್ನೆಲ್ಲ ಶುಚಿ ಮಾಡಿ ಫ್ರೇಮು ಹಾಕುವ ಕೆಲಸ ಟುಬ್ಲಿಯ ಈ ವರ್ಕ್‌ಶಾಪಿಗೆ ಬಂದು ಮೂರು ವಾರವಾಗಿತ್ತು.

ಈ ಮೂರು ವಾರದಲ್ಲಿ ಬ್ಯಾಪ್ಟಿಸ್ಟರಿಗೆ ಅಮೆರಿಕ ಬಾಯಿಪಾಠವಾಗಿತ್ತು. ಟಿಕೆಟು, ವೀಸಾ ಯಾವುದೂ ಬೇಕಾಗಲಿಲ್ಲ. ಅಂಚಿಗೆ ಹಲ್ಲು ಹಲ್ಲು ಕತ್ತರಿಸಿದ್ದರೆ ಐವತ್ತರ ದಶಕದ ಹತ್ತಿರದ್ದು, ಮೂಲೆ ಗುಂಡಗಿದ್ದು ಬಣ್ಣವೆಲ್ಲ ಕೆಂಪಿಗೆ ತಿರುಗಿದ್ದರೆ ಎಪ್ಪತ್ತರದ್ದು. ಮೊದಲು ರೇಡಿಯೊದ ಸುತ್ತ ಕೂತವರು ಆಮೇಲೆ ಟೀವಿಯ ಮುಂದೆ ಸಾಲಾಗಿ ಕೂತರು. ಕಾರುಗಳು ದೋಣಿಯಷ್ಟು ಉದ್ದವಾಗಿ ಮತ್ತೆ ಗಿಡ್ಡವಾದವು. ಫ್ರಿಜ್ಜಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರಂತೂ ಲೆಕ್ಕವಿಲ್ಲ. ನಮ್ಮೂರಿನಲ್ಲಿ ಹೊಸ ಸ್ಕೂಟರಿನ ಪಕ್ಕ ನಿಂತವರ ಮುಖವೂ ಹೀಗೇ ಇರುತ್ತಿತ್ತಲ್ಲ ಎಂದು ಬ್ಯಾಪ್ಟಿಸ್ಟರಿಗೆ ನಗು ಬರುತ್ತಿತ್ತು.

ಈಗ ನಲವತ್ತೊಂದನೆಯ ಕಾರ್ಡು ಕೈಗೆ ಬಂತು. ಅದರಲ್ಲಿ ಫೋಟೊ ಕೊಟ್ಟವರದೇ ಮಾತಿನಲ್ಲಿ, ಇಂಗ್ಲಿಷಿನಲ್ಲಿ, ಮೂರು ಸಾಲು ಇತ್ತು: ನನ್ನ ತಾಯಿ, ನಮ್ಮ ಅಡುಗೆಮನೆ, ಆಗಸ್ಟ್ 1958. ಎಡಗಣ್ಣಿನ ಕೆಳಗಿರುವುದು ನನ್ನ ತಂದೆಯ ಕೈಯ ಗುರುತು. ಈ ಫೋಟೊ ತೆಗೆದಾಗ ನನಗೆ ಒಂಬತ್ತು ವರ್ಷ.

ಬ್ಯಾಪ್ಟಿಸ್ಟರು ಮತ್ತೊಮ್ಮೆ ಓದಿದರು. ಎದ್ದು ಗೋಡೆಗೆ ಒರಗಿಸಿಟ್ಟ ಫ್ರೇಮುಗಳಲ್ಲಿ ನಲವತ್ತೊಂದನ್ನು ಹುಡುಕಿ ಮೇಜಿನ ಮೇಲಿಟ್ಟು ದೀಪ ಹಾಕಿದರು. ಅಂಗೈ ಅಗಲದ ಕಪ್ಪು ಬಿಳುಪು ಫೋಟೊ. ಉಕ್ಕಿನ ಕಾಲಿನ ಮೇಜು, ಅದರ ಮೇಲೊಂದು ಕಾಫಿಯ ಕಪ್, ಹಿಂದೆ ಚೌಕುಳಿ ಪರದೆ, ಮೇಜಿನ ಬದಿಯಲ್ಲಿ ಕೂತು ನೇರ ಕ್ಯಾಮೆರಾವನ್ನೇ ನೋಡುತ್ತಿರುವ ಹೆಂಗಸು. ಎಡಗಣ್ಣಿನ ಕೆಳಗೆ ಏನೂ ಇರಲಿಲ್ಲ. ಕೆನ್ನೆ ಹಾಲಿನ ಹಾಗೆ ನುಣ್ಣಗಿತ್ತು. ಹೋದ ವಾರ ಅರ್ಧ ದಿನ ಕೂತು, ಭೂತಗನ್ನಡಿ ಹಾಕಿಕೊಂಡು, ಹಾಗೆ ಮಾಡಿದವರು ಬ್ಯಾಪ್ಟಿಸ್ಟರೇ.

ಹೇಳಿಕೇಳಿ ಕರಾವಳಿಯ ಕಿನ್ನಿಗೋಳಿಯ ಸ್ಟುಡಿಯೊದಲ್ಲಿ ಬೆಳೆದ ಕೈ. ಅಪ್ಪ ಫೋಟೊ ತೆಗೆಯುವುದು, ಮಗ ಟಚಿಂಗ್ ಮಾಡುವುದು. ಮೊಡವೆ, ಮಚ್ಚೆ, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲ ಬ್ರಷ್ಷಿನ ತುದಿಯಲ್ಲಿ ಮಾಯ. ಮುಖದಲ್ಲಿ ಕಲೆ ಉಳಿಸಿ ಗಿರಾಕಿಗೆ ಫೋಟೊ ಕೊಟ್ಟರೆ ಸ್ಟುಡಿಯೊದ ಮರ್ಯಾದೆ ಹೋಗುತ್ತದೆ ಎಂದು ಅಪ್ಪ ಕಲಿಸಿದ್ದು. ಯಾರೂ ಕೇಳಬೇಕಾಗಿಲ್ಲ, ಕೇಳುವುದೂ ಇಲ್ಲ. ಮೀನು ಕೊಟ್ಟವರು ಪೊರೆ ತೆಗೆಯಿರಿ ಎಂದು ಹೇಳಬೇಕೇ? ಡಿಜಿಟಲ್ ಬಂದು ಸ್ಟುಡಿಯೊ ಮುಚ್ಚಿತು, ಬ್ಯಾಪ್ಟಿಸ್ಟರು ಬಹರೈನಿಗೆ ಬಂದು ಫ್ರೇಮಿನವರಾದರು, ಆದರೂ ಬ್ರಷ್ಷು ಬ್ಲೇಡುಗಳ ಡಬ್ಬಿ ಜೊತೆಗೇ ಬಂತು. ಈ ಅರವತ್ತೊಂದನೆಯ ವಯಸ್ಸಿನಲ್ಲಿ ಅದನ್ನು ತೆರೆಯುವ ಅವಕಾಶ ಸಿಕ್ಕಿದ್ದೇ ಅವರಿಗೊಂದು ಹಬ್ಬವಾಗಿತ್ತು.

ಆ ಫೋಟೊದ ಒಡತಿ ಲೊರೇನ್. ಬಹರೈನಿನವರೊಬ್ಬರನ್ನು ಮದುವೆಯಾಗಿ, ನಲವತ್ತು ವರ್ಷ ಇಲ್ಲೇ ಮಕ್ಕಳಿಗೆ ಪಾಠ ಹೇಳಿ, ಗಂಡ ತೀರಿಕೊಂಡ ಮೇಲೆ ಬುಸೈತೀನಿನ ವಿಲ್ಲಾದಲ್ಲಿ ಇರುವ ಎಪ್ಪತ್ತೈದರ ಹೆಂಗಸು. ಎಲ್ಲರೂ ಫೋಟೊಗಳನ್ನು ಡ್ರೈವರ್ ಕೈಯಲ್ಲಿ ಕಳಿಸಿದ್ದರೆ ಅವರು ತಾವೇ ತಂದಿದ್ದರು. ಅಡುಗೆಯ ಚೀಟಿಗಳನ್ನು ಇಡುವ ಒಂದು ತಗಡಿನ ಡಬ್ಬಿಯ ತಳದಿಂದ ತೆಗೆದು, ಬ್ಯಾಪ್ಟಿಸ್ಟರ ಕೈಗೇ ಕೊಟ್ಟು ಹೇಳಿದ್ದರು: ಇದರ ನೆಗೆಟಿವ್ ಇಲ್ಲ, ಅಪ್ಪ ಸುಟ್ಟ. ಇದೊಂದೇ ಇರುವುದು. ಫೋನಿನಲ್ಲಿ ಕೂಡ ಇದರ ಫೋಟೊ ತೆಗೆಯಬೇಡಿ, ಗೋಡೆಗೆ ಹೋಗುವವರೆಗೆ ಯಾರೂ ನೋಡುವುದು ಬೇಡ. ಇಷ್ಟೆಲ್ಲ ಜತನ ಕಂಡು ಬ್ಯಾಪ್ಟಿಸ್ಟರು, ಪಾಪ, ಉಳಿದವಕ್ಕಿಂತ ಇದಕ್ಕೆ ಹೆಚ್ಚು ಮುತುವರ್ಜಿ ವಹಿಸಿದರು. ಉಳಿದ ಅರವತ್ತೊಂದನ್ನು ಬರೀ ಧೂಳು ಒರೆಸಿ ಬಿಟ್ಟಿದ್ದರು. ಟಚಿಂಗ್ ಮಾಡಿದ್ದು ಇದೊಂದಕ್ಕೇ.

ಲೊರೇನ್ ಇವತ್ತು ಮೂರು ಗಂಟೆಗೆ ಫ್ರೇಮು ನೋಡಲು ಬರುವವರಿದ್ದರು. ಗಡಿಯಾರದಲ್ಲಿ ಒಂದೂ ಮುಕ್ಕಾಲು.

ಮಾಲೀಕ ನಂಜುಂಡಸ್ವಾಮಿ ಒಳಗಿನ ಕ್ಯಾಬಿನ್ನಿನಲ್ಲಿದ್ದರು. ಮೈಸೂರಿನ ಕಡೆಯವರು, ಎಂಜಿನಿಯರ್ ಕೆಲಸ ಬಿಟ್ಟು ಇಲ್ಲಿಯ ಒಬ್ಬರ ಜೊತೆ ಪಾಲುದಾರಿಕೆಯಲ್ಲಿ ಈ ಅಂಗಡಿ ಹಾಕಿದವರು. ಬ್ಯಾಪ್ಟಿಸ್ಟರು ಕಾರ್ಡನ್ನೂ ಫ್ರೇಮನ್ನೂ ಅವರ ಮುಂದಿಟ್ಟರು. ನಂಜುಂಡಸ್ವಾಮಿ ಓದಿದರು, ನೋಡಿದರು, ಮತ್ತೆ ಓದಿದರು.

"ಯಾರ್ ಹೇಳಿದ್ರು ನಿಮ್ಗೆ ಟಚಿಂಗ್ ಮಾಡಿ ಅಂತ?"

"ಯಾರೂ ಹೇಳ್ಲಿಲ್ಲ. ಹೋದ ವಾರ ನಿಮಗೆ ತೋರಿಸಿದ್ದೆ. ಸೂಪರ್ ಅಂದಿದ್ರಿ."

"ನಾನ್ ಹಳೇದು ನೋಡೇ ಇರ್ಲಿಲ್ವಲ್ರೀ." ನಂಜುಂಡಸ್ವಾಮಿ ಎದ್ದು ಬಾಗಿಲು ಹಾಕಿದರು. ಪಕ್ಕದ ಗ್ಯಾರೇಜಿನ ಗ್ರೈಂಡರ್ ಸದ್ದು ಸ್ವಲ್ಪ ತಗ್ಗಿತು. "ಸರಿ ಹೋಗತ್ತಾ?"

"ಮೇಲಿನ ಬಣ್ಣ ನೀರಿಂದು. ಒದ್ದೆ ಹತ್ತಿಯಲ್ಲಿ ತೆಗೀಬಹುದು. ಆದ್ರೆ ಅರವತ್ತಾರು ವರ್ಷದ ಪ್ರಿಂಟು, ಮೇಲಿನ ಪದರ ಎದ್ದು ಬಂದ್ರೆ ಮುಖವೇ ಹೋಗ್ತದೆ." ಬ್ಯಾಪ್ಟಿಸ್ಟರು ಗಾಜಿನ ಮೇಲಿಂದಲೇ ಕೆನ್ನೆಯತ್ತ ಬೆರಳು ತೋರಿಸಿದರು. "ಮತ್ತೆ ಅಡಿಯಲ್ಲಿ ಎರಡು ಕಡೆ ಬ್ಲೇಡಿನಲ್ಲಿ ಕೆರೆದಿದ್ದೇನೆ. ತುಂಬಾ ಕಪ್ಪಿತ್ತು ಅಲ್ಲಿ. ಅದು ವಾಪಸ್ ಬರುದಿಲ್ಲ."

ನಂಜುಂಡಸ್ವಾಮಿ ಮೇಜಿಗೆ ಬೆರಳು ಬಡಿಯುತ್ತ ಯೋಚಿಸಿದರು. "ತೆಗೀಲೇಬೇಡಿ. ಅದರ ಮೇಲೇ ಕಪ್ಪು ಬರ್ದುಬಿಡಿ. ಅಳ್ಸೋಕ್ ಬಂದೋರಿಗೆ ಬರಿಯೋಕ್ ಬರಲ್ವಾ? ನಿಮ್ ಕೈ ನಂಗೊತ್ತಿಲ್ವಾ?"

"ಬರೀಲಿಕ್ಕೆ ಬರ್ತದೆ."

"ಮತ್ತಿನ್ನೇನು? ಬೇರೆ ಕಾಪಿ ಇಲ್ಲ, ಯಾರ್ ಹೋಲ್ಸಿ ನೋಡ್ತಾರೆ? ಒಂದ್ ಗಂಟೆ ಟೈಮಿದೆ. ಹೋಗಿ ಬ್ಯಾಪ್ಟಿಸ್ಟ್ ಅವ್ರೇ, ಪ್ಲೀಸ್."

ಮಾಲೀಕರು ಹೇಳಿದ್ದು ಸುಳ್ಳಲ್ಲ. ಬ್ಯಾಪ್ಟಿಸ್ಟರು ಮನಸ್ಸು ಮಾಡಿದರೆ ಲೊರೇನ್‌ಗೆ ಏಳು ಜನ್ಮಕ್ಕೂ ಗೊತ್ತಾಗುವಂತಿರಲಿಲ್ಲ. ಅವರು ಮೇಜಿಗೆ ಮರಳಿ ಫ್ರೇಮು ಬಿಚ್ಚಿದರು, ಗಾಜು ತೆಗೆದು ಬದಿಗಿಟ್ಟರು. ತಟ್ಟೆಯಲ್ಲಿ ಕಪ್ಪು ಕಲಸಿ, ಸೊನ್ನೆ ನಂಬರಿನ ಬ್ರಷ್ಷನ್ನು ತುಟಿಯಲ್ಲಿ ಚೂಪು ಮಾಡಿ, ಭೂತಗನ್ನಡಿ ಹಾಕಿಕೊಂಡು ಬಗ್ಗಿದರು. ಎಲ್ಲಿಂದ ಶುರು ಮಾಡುವುದು? ಮೂಗಿನ ಪಕ್ಕ ದಟ್ಟವಿತ್ತೋ, ಕಿವಿಯ ಕಡೆಗೋ? ಎಷ್ಟು ಅಗಲವಿತ್ತು? ಅಳಿಸುವಾಗ ಅದನ್ನು ಕಲೆ ಎಂದು ನೋಡಿದ್ದರೇ ಹೊರತು ಏಟು ಎಂದು ನೋಡಿರಲಿಲ್ಲ. ಈಗ ಬರೆಯಬೇಕಾದರೆ ಆ ಗಂಡಸಿನ ಕೈ ಯಾವ ಕಡೆಯಿಂದ ಬಂತು, ಎಷ್ಟು ಜೋರಿಗೆ ಬಿತ್ತು ಎಂದು ಯೋಚಿಸಬೇಕು. ಯೋಚಿಸಿ ಆ ಏಟನ್ನು ಆ ಕೆನ್ನೆಯ ಮೇಲೆ ತಾವೇ ಹಾಕಬೇಕು.

ಆಗ ಅವರಿಗೆ ಕಾಂತಕ್ಕ ನೆನಪಾದರು.

ಕಿನ್ನಿಗೋಳಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸು. ಒಂದು ದಿನ ನಡುಮಧ್ಯಾಹ್ನ ಒಬ್ಬರೇ ಸ್ಟುಡಿಯೊಕ್ಕೆ ಬಂದು, ತಲೆ ಕೂಡ ಬಾಚದೆ, ಮುಖದ್ದೊಂದು ಫೋಟೊ ತೆಗೀರಿ ಎಂದಿದ್ದರು. ಯಾಕೆ ಎಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ತುಟಿ ಬಾತಿತ್ತು, ಹಣೆ ಕಂದಿತ್ತು. ಬ್ಯಾಪ್ಟಿಸ್ಟರು ನಾಲ್ಕು ದಿನ ಕೂತು ಅದನ್ನೆಲ್ಲ ತೆಗೆದು, ಮದುಮಗಳ ಹಾಗೆ ಮಾಡಿ ಕೊಟ್ಟರು. ಕಾಂತಕ್ಕ ಅದನ್ನು ಬಹಳ ಹೊತ್ತು ನೋಡಿ, "ಇದು ಯಾರು?" ಎಂದು ಕೇಳಿದರು. ದುಡ್ಡು ಕೊಟ್ಟು, ಫೋಟೊವನ್ನು ಕೌಂಟರಿನಲ್ಲೇ ಬಿಟ್ಟು ಹೋದರು. ಈ ಮನುಷ್ಯ ಅದನ್ನು ಹೊಗಳಿಕೆ ಎಂದು ತಿಳಿದಿದ್ದ ನೋಡಿ. ನನ್ನ ಟಚಿಂಗ್ ಎಷ್ಟು ಚಂದ ಅಂದರೆ ಒಬ್ಬಳಿಗೆ ತನ್ನ ಗುರುತೇ ಸಿಗಲಿಲ್ಲ ಎಂದು ಮೂವತ್ತು ವರ್ಷ ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದ.

ಬ್ರಷ್ಷಿನ ತುದಿಯ ಕಪ್ಪು ಒಣಗಿತು. ಬ್ಯಾಪ್ಟಿಸ್ಟರು ಅದನ್ನು ನೀರಿಗೆ ಅದ್ದಿ, ಒರೆಸಿ, ಡಬ್ಬಿಗೆ ಹಾಕಿದರು. ಗಾಜಿಲ್ಲದ ಫೋಟೊವನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಕುರ್ಚಿಯಲ್ಲಿ ಕೂತರು. ಎರಡು ಸಲ ನಂಜುಂಡಸ್ವಾಮಿ ಬಾಗಿಲು ಸರಿಸಿ ಇಣುಕಿದರು. ಎರಡನೆಯ ಸಲ ಅವರ ಮುಖ ಬಿಳಿಚಿತ್ತು.

ಲೊರೇನ್ ಹತ್ತು ನಿಮಿಷ ಮೊದಲೇ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು, ಕೈಯಲ್ಲಿ ಅದೇ ತಗಡಿನ ಡಬ್ಬಿ. ಅವರ ಇಂಗ್ಲಿಷನ್ನು ನಾವು ಕನ್ನಡದಲ್ಲೇ ಕೇಳೋಣ.

"ಆಯಿತಾ?"

ನಂಜುಂಡಸ್ವಾಮಿ ಓಡಿಬಂದು ಕುರ್ಚಿ ಎಳೆದರು, ಕಾಫಿ ಎಂದರು, ಟ್ರಾಫಿಕ್ ಹೇಗಿತ್ತು ಎಂದು ವಿಚಾರಿಸಿದರು. ಬ್ಯಾಪ್ಟಿಸ್ಟರು ನಡುವೆ ಬಾಯಿ ಹಾಕಿದರು.

"ಮೇಡಂ, ಆ ಗುರುತನ್ನು ನಾನು ಅಳಿಸಿಬಿಟ್ಟಿದ್ದೇನೆ."

ಲೊರೇನ್‌ಗೆ ಅರ್ಥವಾಗಲಿಲ್ಲ. ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದರು. ಕನ್ನಡಕ ತೆಗೆದು, ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಮೇಜಿನ ಅಂಚನ್ನು ಹಿಡಿದುಕೊಂಡರು. ಬೆರಳುಗಳು ಬೆಳ್ಳಗಾದವು. ಬೈದರೆ ಬೈಯಲಿ ಎಂದು ಬ್ಯಾಪ್ಟಿಸ್ಟರು ತಲೆ ತಗ್ಗಿಸಿ ನಿಂತಿದ್ದರು. ಬೈಗುಳ ಬರಲಿಲ್ಲ, ಅದೇ ಕಷ್ಟವಾಯಿತು.

"ಅವತ್ತು ಭಾನುವಾರ," ಎಂದರು ಲೊರೇನ್ ಕೊನೆಗೆ, ಫೋಟೊದಿಂದ ಕಣ್ಣು ಕೀಳದೆ. "ಚರ್ಚಿಗೆ ಹೊರಡಬೇಕಿತ್ತು. ಅಮ್ಮ ಪೌಡರಿನ ಡಬ್ಬಿ ತೆರೆದಿದ್ದಳು. ಅವಳು ಯಾವಾಗಲೂ ಪೌಡರ್ ಹಚ್ಚಿ ಮುಚ್ಚುತ್ತಿದ್ದಳು, ನಮ್ಮ ಬೀದಿಯಲ್ಲಿ ಯಾರೂ ಏನೂ ನೋಡಿದವರಲ್ಲ. ಅವತ್ತು ಏನಾಯಿತೋ, ಡಬ್ಬಿ ಮುಚ್ಚಿ ನನ್ನ ಕೈಗೆ ಕ್ಯಾಮೆರಾ ಕೊಟ್ಟಳು. ಬೇಗ ತೆಗಿ, ನನ್ನ ಮನಸ್ಸು ಬದಲಾಗುವ ಮೊದಲು ಅಂದಳು. ಅವಳು ಮುಚ್ಚಿಕೊಳ್ಳದೆ ಕೂತ ಫೋಟೊ ಇದೊಂದೇ."

ಬ್ಯಾಪ್ಟಿಸ್ಟರ ಕಣ್ಣು ಮಂಜಾಯಿತು. ನಾಚಿಕೆಯಿಂದ ಭೂಮಿಗಿಳಿದು ಹೋದಂತಾಗಿತ್ತು. ಆದರೂ ಎಲ್ಲವನ್ನೂ ಹೇಳಿದರು: ಬಣ್ಣವನ್ನು ತೆಗೆಯಲು ನೋಡಬಹುದು, ಮೇಲಿನ ಪದರ ಎದ್ದರೆ ಮುಖವೇ ಹೋಗಬಹುದು, ಬ್ಲೇಡು ತಾಗಿದ ಎರಡು ಜಾಗ ಹೇಗೂ ಸರಿಯಾಗುವುದಿಲ್ಲ. ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಇದನ್ನೇ ಕಲಿತವರು ಇದ್ದಾರಂತೆ, ಅವರಿಗೆ ಕಳಿಸುವುದಾದರೆ ಕಳಿಸಿ ಎಂದೂ ಹೇಳಿದರು.

"ಹಾಕಿದ ಬಣ್ಣ ಯಾವುದು ಎಂದು ಗೊತ್ತಿರುವುದು ನಿಮಗೆ," ಎಂದರು ಲೊರೇನ್. "ನೀವೇ ತೆಗೆಯಿರಿ. ನನ್ನೆದುರಿಗೇ ತೆಗೆಯಿರಿ."

ನಂಜುಂಡಸ್ವಾಮಿ ಗಾಳಿ ಫೋಟೊಕ್ಕೆ ಬಡಿಯದಂತೆ ಎ.ಸಿ. ಆರಿಸಿದರು. ಬ್ಯಾಪ್ಟಿಸ್ಟರು ಬಿದಿರಿನ ಕಡ್ಡಿಗೆ ಹತ್ತಿ ಸುತ್ತಿ, ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಬಟ್ಟೆಗೆ ಒತ್ತಿ ಹಿಂಡಿದರು. ಲೊರೇನ್ ದೀಪ ಹಿಡಿದರು. ಮೊದಲು ಒರೆಸಿದ್ದು ಪರದೆಯ ಮೂಲೆಯಲ್ಲಿ, ಪದರ ತಾಳುತ್ತದೋ ಎಂದು ನೋಡಲು. ತಾಳಿತು. ಆಮೇಲೆ ಕೆನ್ನೆ. ಹತ್ತಿಯನ್ನು ಉಜ್ಜುವ ಹಾಗಿಲ್ಲ, ಸುಮ್ಮನೆ ಹೊರಳಿಸಬೇಕು. ಒಂದು ಹೊರಳು, ಕಾಯುವುದು, ಹೊಸ ಹತ್ತಿ. ಮತ್ತೊಂದು ಹೊರಳು. ಐದನೆಯ ಹತ್ತಿಗೆ ಬೂದು ಬಣ್ಣ ಹತ್ತಿತು.

ಕಣ್ಣಿನ ಕೆಳಗೆ ಒಂದು ಕಡೆ ಪದರ ಉಬ್ಬಿದಂತೆ ಕಂಡಿತು. ಬ್ಯಾಪ್ಟಿಸ್ಟರ ಕೈ ನಿಂತಿತು. ಬೆವರು ಹುಬ್ಬಿನಿಂದ ಇಳಿದು ಇನ್ನೇನು ಫೋಟೊದ ಮೇಲೆ ಬೀಳಬೇಕು, ನಂಜುಂಡಸ್ವಾಮಿ ಕರವಸ್ತ್ರ ಚಾಚಿ ಹಿಡಿದರು. ಮೂವರೂ ಕಾದರು. ಎರಡು ನಿಮಿಷಕ್ಕೆ ಉಬ್ಬು ಆರಿ ಕೂತಿತು. ಬ್ಯಾಪ್ಟಿಸ್ಟರು ಇನ್ನೊಂದು ಕಡ್ಡಿಗೆ ಹತ್ತಿ ಸುತ್ತಿದರು.

ನಾಲ್ಕೂವರೆಗೆ ಗುರುತು ಪೂರ್ತಿ ಹೊರಗೆ ಬಂತು. ಮೂಗಿನ ಪಕ್ಕದಿಂದ ಕಿವಿಯ ಕಡೆಗೆ ಹೋಗುವ ಕಪ್ಪು, ನಡುವೆ ದಟ್ಟ, ಅಂಚಿನಲ್ಲಿ ತೆಳು. ದಟ್ಟವಿದ್ದಲ್ಲಿ ಕೂದಲೆಳೆಯಂಥ ಎರಡು ಬಿಳಿ ಗೀರುಗಳು. ಲೊರೇನ್ ದೀಪ ಇಳಿಸಿ ಬಹಳ ಹೊತ್ತು ತಾಯಿಯ ಮುಖ ನೋಡಿದರು. ಆಮೇಲೆ ಕೂತು ಕರ್ಚೀಫಿನಲ್ಲಿ ಮುಖ ಮುಚ್ಚಿ ಅತ್ತರು.

"ಗೀರುಗಳಿಗೆ ಬಣ್ಣ ತುಂಬ್ತೇನೆ ಮೇಡಂ," ಎಂದರು ಬ್ಯಾಪ್ಟಿಸ್ಟರು ಮೆಲ್ಲಗೆ. "ಗೊತ್ತಾಗುದಿಲ್ಲ."

"ಬೇಡ. ಇನ್ನು ಅದರ ಮೇಲೆ ಯಾರೂ ಏನೂ ಹಚ್ಚುವುದು ಬೇಡ." ಲೊರೇನ್ ಮೂಗು ಒರೆಸಿಕೊಂಡು ನಲವತ್ತೊಂದನೆಯ ಕಾರ್ಡನ್ನು ಎಳೆದುಕೊಂಡರು. "ಆದರೆ ನೋಡಿದವರು ಕೇಳುತ್ತಾರೆ. ಕೆಳಗೊಂದು ಸಾಲು ಸೇರಿಸಿಬಿಡಿ. ಫ್ರೇಮು ಹಾಕುವಾಗ ಆಕಸ್ಮಿಕವಾಗಿ ಆದ ಗೀರುಗಳು ಎಂದು ಬರೆಯಿರಿ, ಸಾಕು."

ನಂಜುಂಡಸ್ವಾಮಿ ನಿಟ್ಟುಸಿರು ಬಿಟ್ಟರು. ದೊಡ್ಡ ಮನಸ್ಸು ಮೇಡಂ ನಿಮ್ಮದು ಎಂದು ಎರಡು ಸಲ ಹೇಳಿ, ಜೇಬಿನಿಂದ ತಮ್ಮದೇ ಪೆನ್ನು ತೆಗೆದುಕೊಟ್ಟರು.

ಬ್ಯಾಪ್ಟಿಸ್ಟರು ಪೆನ್ನಿನ ಮುಚ್ಚಳ ತೆಗೆದರು. ಕಾರ್ಡಿನ ಮೇಲೆ ಬಗ್ಗಿದವರು ತಲೆ ಎತ್ತಿದರು.

"ಆಕಸ್ಮಿಕ ಅಲ್ಲ ಮೇಡಂ," ಎಂದರು.

"ಬ್ಯಾಪ್ಟಿಸ್ಟ್ ಅವ್ರೇ," ಎಂದು ನಂಜುಂಡಸ್ವಾಮಿ ಕನ್ನಡದಲ್ಲಿ ತಡೆದರು, "ಅವ್ರೇ ಬಿಟ್ಬಿಟ್ಟಿದ್ದಾರೆ. ನೀವ್ಯಾಕ್ರೀ ಮೈಮೇಲೆ ಎಳ್ಕೋತೀರಾ?"

ಬ್ಯಾಪ್ಟಿಸ್ಟರು ಪೆನ್ನನ್ನು ಕಾರ್ಡಿಗೆ ಊರಿದರು. ಗೊತ್ತಿದ್ದ ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರ ನಿಲ್ಲಿಸಿ ನಿಲ್ಲಿಸಿ ಬರೆದು, ಕಾರ್ಡನ್ನು ಲೊರೇನ್ ಕಡೆಗೆ ತಿರುಗಿಸಿದರು: ಈ ಎರಡು ಗೀರುಗಳನ್ನು ಹಾಕಿದ್ದು ನಾನು. ಹೆಂಗಸು ಚಂದ ಕಾಣಲಿ ಎಂದು ಏಟಿನ ಗುರುತನ್ನು ಬೇಕೆಂದೇ ಅಳಿಸಿದೆ. ಬ್ಯಾಪ್ಟಿಸ್ಟ್ ಲೋಬೊ, ಫ್ರೇಮಿನವ, ಟುಬ್ಲಿ.