ಎಡಗೂಡಿನ ಹಸಿರು ಪುಡಿ

ಎಡಗೂಡಿನ ಮೇವಿನ ತೊಟ್ಟಿಯ ತಳದಲ್ಲಿ ಹಸಿರು ಪುಡಿ ಕಂಡಾಗ ಸೊಸೆ ಅದನ್ನು ಬೆರಳಲ್ಲಿ ತೆಗೆದು ಮೂಸಿದಳು. ತಾನೇ ಕುಟ್ಟಿದ ಪುಡಿ.

ಆರು ವಾರದಿಂದ ಅವಳು ಹಿತ್ತಿಲ ಕೋಣೆಯಲ್ಲಿ ಗೌಜಲಹಕ್ಕಿಗಳನ್ನು ಎರಡು ಪಾಲು ಮಾಡಿ ಸಾಕುತ್ತಿದ್ದಳು. ಬಲಗೂಡಿನ ನಲವತ್ತಕ್ಕೆ ಮೇವಿನ ಜೊತೆ ನುಗ್ಗೆಸೊಪ್ಪು, ಬೆಳ್ಳುಳ್ಳಿ ಒಣಗಿಸಿ ಕುಟ್ಟಿದ ಪುಡಿ. ಎಡಗೂಡಿನ ನಲವತ್ತಕ್ಕೆ ಬರೀ ಮೇವು. ಪುಡಿಯಿಂದ ಮೊಟ್ಟೆ ಹೆಚ್ಚುವುದು ನಿಜವಾದರೆ ಸುತ್ತಮುತ್ತಲ ಸಾಕಣೆಗಾರರಿಗೆಲ್ಲ ಅದನ್ನೇ ಹೇಳುತ್ತೇನೆಂದು ಪಶುವೈದ್ಯೆ ಮಾತು ಕೊಟ್ಟಿದ್ದಳು. ಆಕೆ ನೋಡಲು ಬರುವುದು ಇವತ್ತೇ. ಎರಡೂ ಗೂಡಿನ ಮೊಟ್ಟೆ ಹೆಚ್ಚುಕಡಿಮೆ ಒಂದೇ ಸಮ ಬರುತ್ತಿರುವುದೇಕೆಂದು ಸೊಸೆ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು.

"ಅತ್ತೇ! ಈ ಕಡೆ ಪುಡಿ ಹಾಕಿದ್ದು ಯಾರು?"

ಅತ್ತೆ ಕಾಳು ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. "ನಾನೇ. ಮೊದಲ ವಾರದಿಂದ್ಲೂ. ಪಕ್ಕದವು ಗಬಗಬ ತಿಂತಿದ್ರೆ ಇವು ಸರಳಿಗೆ ಮುಖ ಒತ್ಕೊಂಡು ನೋಡ್ತಿದ್ವು ಕಣೇ. ಐದು ಮಕ್ಕಳನ್ನ ಸಾಕಿದೀನಿ, ಒಬ್ಬರಿಗೆ ಬಡಿಸಿ ಇನ್ನೊಬ್ಬರಿಗೆ ಇಲ್ಲ ಅಂದೋಳಲ್ಲ."

"ಅವು ಮಕ್ಕಳಲ್ಲ ಅತ್ತೆ! ಉಪವಾಸಾನೂ ಇರ್ಲಿಲ್ಲ! ಹೊಟ್ಟೆ ಬಿರಿಯೋ ಹಾಗೆ ತಿಂತಿದ್ವು!"

ಗಂಡ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದ, "ಹೋಗ್ಲಿ ಬಿಡು. ಎಡಗೂಡಲ್ಲಿ ದಿನಕ್ಕೆ ಐದು ಮೊಟ್ಟೆ ಕಮ್ಮಿ ಅಂತ ಬರೆದ್ರಾಯ್ತು. ಡಾಕ್ಟರಮ್ಮ ಏನು, ಹಕ್ಕಿ ಹತ್ರ ಕೇಳ್ತಾರಾ?"

"ಅಮ್ಮ ಕದ್ದು ಪುಡಿ ಹಾಕೋದು, ಮಗ ಕೂತು ಸುಳ್ಳು ಬರೆಯೋದು. ಚೆನ್ನಾಗಿದೆ ಜೋಡಿ! ನಾಳೆ ಯಾರೋ ನನ್ನ ಪುಡಿ ನಂಬಿ ಹಾಕಿ ಮೊಟ್ಟೆ ಹೆಚ್ಚದಿದ್ರೆ ಮುಖ ತೋರಿಸೋಳು ನಾನು, ನೀವಲ್ಲ."

ಪಶುವೈದ್ಯೆ ಬಂದಾಗ ಸೊಸೆ ಒಂದೂ ಮುಚ್ಚಿಡದೆ ಹೇಳಿದಳು. ಆಕೆಗೆ ನಗು ತಡೆಯಲಾಗಲಿಲ್ಲ.

"ನಗಬೇಡಿ ಡಾಕ್ಟರಮ್ಮ," ಸೊಸೆ ಲೆಕ್ಕದ ಪುಸ್ತಕ ಮುಂದೆ ಹಿಡಿದಳು. "ಆರು ವಾರ, ಜ್ವರ ಬಂದ ದಿನಾನೂ ಎದ್ದು ಎಣಿಸಿದೀನಿ."

ಪಶುವೈದ್ಯೆಯ ನಗು ಅಲ್ಲೇ ನಿಂತಿತು. "ತಪ್ಪಾಯ್ತು. ಆದ್ರೆ ಇವು ಇನ್ನು ಪರೀಕ್ಷೆಗೆ ಆಗಲ್ಲ. ಎರಡೂ ಗೂಡಿಗೆ ಹೊಸ ಹಕ್ಕಿ ತಂದು ಮೊದಲಿಂದ ಶುರು ಮಾಡಿ. ನಾನು ಮತ್ತೆ ಬರ್ತೀನಿ."

ಹೊಸ ಹಕ್ಕಿಗಳು ಬಂದ ದಿನ ಸೊಸೆ ಎರಡು ಗೂಡುಗಳ ನಡುವೆ ಗೋಣಿತಾಟು ಎಳೆದು, ಹಗ್ಗ ಕಡಿಯುವಷ್ಟು ಬಿಗಿದು ಕಟ್ಟಿದಳು. ಅತ್ತೆ ಹಿಂದೆ ಬಂದು ನಿಂತಳು.

"ಈಗ ಈ ಕಡೆಯವಕ್ಕೆ ಏನೂ ಕಾಣಲ್ಲ, ಅಲ್ವೇನೇ?"

"ಅವಕ್ಕೆ ಕಾಣಲ್ಲ. ನಿಮಗೆ ಕಾಣತ್ತಲ್ಲ," ಎಂದು ಸೊಸೆ ಪುಡಿಯ ಡಬ್ಬಿಗೆ ಬೀಗ ಜಡಿದಳು.