ಕಿಸೆಯಲ್ಲಿ ಉಳಿದ ಫ್ಯೂಸ್

ಕಾರಿನ ಛಾವಣಿಯ ಸನ್‌ರೂಫಿನ ಹಳಿಗಳಿಂದ ಯೋಗೀಶ ಅರ್ಧ ಲೋಟ ಮರಳು ಕೆರೆದು ತೆಗೆದ. ಎಲ್ಲ ಹೂಡೆಯ ಕಡಲ ಬದಿಯದ್ದು, ತೆಂಗಿನೆಣ್ಣೆಯಲ್ಲಿ ಕಲಸಿ ಅಂಟಾಗಿತ್ತು.

"ಇದಕ್ಕೆ ಎಣ್ಣೆ ಬಿಟ್ಟದ್ದು ಯಾರು ಮಾರಾಯ್ರೆ?"

"ನಮ್ಮ ಉಮ್ಮ," ದುಬೈಯಿಂದ ರಜೆಗೆ ಬಂದಿದ್ದ ಸಫ್ರಾಝ್ ನಕ್ಕ. "ಹೊಲಿಗೆ ಮಿಷಿನಿಗೆ ಬಿಡುವುದಿಲ್ವಾ, ಹಾಗೆ."

ಹಿರಿಯಡ್ಕದಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜು ನಡೆಸುವ ಯೋಗೀಶ ಇಂಥದ್ದು ಬೇಕಷ್ಟು ನೋಡಿದ್ದ. ಹಳಿಗಳನ್ನು ಬ್ರಷ್ಷಿನಿಂದ ಉಜ್ಜಿ, ಒರೆಸಿ, ಬಿಳಿ ಗ್ರೀಸ್ ಸವರಿದ. ಆದರೂ ಗಾಜು ಮುಕ್ಕಾಲು ಮುಚ್ಚಿ ಹಿಂದೆ ಸರಿಯಿತು. ಎಡಗಡೆಯ ಹಳಿ ಬಗ್ಗಿತ್ತು. ಏನೋ ಅಡ್ಡ ಸಿಕ್ಕಿದೆ ಎಂದುಕೊಂಡು ಗಾಜು ತಾನಾಗಿ ಹಿಂದೆ ಹೋಗುತ್ತಿತ್ತು.

"ಬಟನ್ ಒತ್ತಿ ಹಿಡಿದರೆ ಮುಚ್ತದೆ. ನಾನು ಹಾಗೇ ಮಾಡುವುದು," ಎಂದ ಸಫ್ರಾಝ್.

ಯೋಗೀಶನಿಗೆ ಮೈ ಉರಿಯಿತು. "ಒತ್ತಿ ಹಿಡಿದರೆ ಅಡ್ಡ ಎಂತ ಉಂಟು ಅಂತ ಅದು ನೋಡುವುದಿಲ್ಲ. ಕುತ್ತಿಗೆ ಸಿಕ್ಕಿದರೂ ಬಿಡುವುದಿಲ್ಲ. ಹೊಸ ಹಳಿ ಬರುವವರೆಗೆ ತೆರೆಯಲೇಬೇಡಿ."

"ಎಂತ ಹೆದರಿಸ್ತೀರಿ ಯೋಗೀಶಣ್ಣ!"

ಅಷ್ಟರಲ್ಲಿ ಸಫ್ರಾಝನ ಆರು ವರ್ಷದ ಮಗಳು ಹಫೀಝಾ ಸೀಟಿನ ಮೇಲೆ ಹತ್ತಿ, ಮೇಲಿನಿಂದ ತಲೆ ಹೊರಹಾಕಿ ಕೈ ಬೀಸುತ್ತಿದ್ದಳು. ಅಪ್ಪ ಅದನ್ನು ಮೊಬೈಲಿನಲ್ಲಿ ತೆಗೆಯುತ್ತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ? ಮಗುವನ್ನು ಇಳಿಸಿ, ಬಟನ್ ಒತ್ತಿ ಹಿಡಿದು ಗಾಜನ್ನು ತಾನೇ ಮುಚ್ಚಿ, ಯೋಗೀಶ ಸನ್‌ರೂಫಿನ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಂಡ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗಿರಾಕಿಯ ಹತ್ತಿರ ಜಗಳವೇಕೆ?

"ಮೋಟರ್ ಹೋಗಿದೆ. ಹಳಿಯ ಜೊತೆ ಅದನ್ನೂ ತರಿಸ್ತೇನೆ," ಎಂದು ಸುಳ್ಳು ಹೇಳಿ ಕಳಿಸಿದ. ಮನಸ್ಸು ಹಗುರಾಯಿತು.

ಗಂಟೆಯೊಳಗೆ ಸಫ್ರಾಝನ ಫೋನು ಬಂತು.

"ಮೋಟರ್ ಸರಿ ಉಂಟಲ್ಲ! ಬೆಳ್ಮಣ್ಣಿನಲ್ಲಿ ಒಬ್ಬರಿಗೆ ತೋರಿಸಿದೆ. ಫ್ಯೂಸೇ ಇರಲಿಲ್ಲ ಅಂತೆ. ಹೊಸತು ಹಾಕಿ ಕೊಟ್ಟರು."

ಯೋಗೀಶ ಕಿಸೆ ಮುಟ್ಟಿ ನೋಡಿದ; ಫ್ಯೂಸ್ ಅಲ್ಲೇ ಇತ್ತು. ತೆಗೆದದ್ದು ಯಾಕೆಂದು ಒಂದು ಮಾತು ಹೇಳಿದ್ದರೆ! ಫೋನಿನಲ್ಲಿ ಗಾಳಿಯ ಸದ್ದು, ಮೇಲೆಲ್ಲೋ ಮಗುವಿನ ನಗು.

"ಸಫ್ರಾಝ್ ಭಾಯ್, ಫ್ಯೂಸ್ ತೆಗೆದದ್ದು ನಾನೇ! ಮಗುವನ್ನು ಕೆಳಗೆ ಕೂರಿಸಿ!"

"ಕೇಳುವುದಿಲ್ಲ, ಗಾಳಿ... ಅಯ್ಯೋ, ಮಳೆ ಬಂತು. ಒಂದು ನಿಮಿಷ, ಮುಚ್ತೇನೆ. ಹಫೀಝಾ, ಒಳಗೆ ಬಾ."

"ಒತ್ತಬೇಡಿ!" ಯೋಗೀಶ ಕಿರುಚಿದ.

ಮೋಟರಿನ ಸದ್ದು ಕೇಳಿಸಿತು. ನಿಂತಿತು. "ಮತ್ತೆ ಹಿಂದೆ ಹೋಯ್ತು, ಮಾರಾಯ. ಒತ್ತಿ ಹಿಡಿಯಬೇಕು," ಎಂದು ಸಫ್ರಾಝ್ ಗೊಣಗಿದ.

ಮೋಟರು ಮತ್ತೆ ಶುರುವಾಯಿತು. ಈ ಸಲ ಅದು ನಿಲ್ಲಲಿಲ್ಲ. ಇನ್ನೂ ಮೇಲಿನಿಂದ ಕೇಳುತ್ತಿದ್ದ ನಗು ಥಟ್ಟನೆ ನಿಂತಿತು.